ಪೆನ್ಷನ್ ಬರುವ ಮುನ್ನ: ಯೂನಿಟ್ ಕೊಡುವ ಗೌರವ ತಗೊಳ್ಳಬೇಕೋ, ಬೇಡ ಅನ್ನಬೇಕೋ

ಪೆನ್ಷನ್‌ಗೆ ಇನ್ನು ಆರೆಂಟು ತಿಂಗಳಿದೆ ಅನ್ನುವಾಗ ಸೇನೆಯ ಯೂನಿಟ್ಟಿನ ಕಂಪನಿ ಆಫೀಸಿನಿಂದ ಒಂದು ಮಾತು ಬರುತ್ತದೆ: ನಿಮ್ಮ ಹೆಸರನ್ನು ಒಳ್ಳೆಯ ಕೆಲಸ ಮೆಚ್ಚಿ ಕೊಡುವ ಕಮೆಂಡೇಶನ್ ಕಾರ್ಡಿಗೋ ಗೌರವಕ್ಕೆಂದು ಕೊಡುವ ಮೇಲಿನ ದರ್ಜೆಯಾದ ಆನರರಿ ರ‍್ಯಾಂಕಿಗೋ ಕಳಿಸುತ್ತಿದ್ದೇವೆ ಅಂತ. ನಾಗಮಂಗಲ, ಮದ್ದೂರು, ಹುಣಸೂರು, ಪಿರಿಯಾಪಟ್ಟಣ ಕಡೆಯಿಂದ ಸೇನೆ ಸೇರಿದ ಎಷ್ಟೋ ಜನ ಆ ಹೊತ್ತಿಗೆ ಮನಸ್ಸು ಕಹಿ ಮಾಡಿಕೊಂಡಿರುತ್ತಾರೆ. ಪ್ರಮೋಷನ್ ಕೈತಪ್ಪಿರುತ್ತದೆ, ರಜೆ ವಿಷಯಕ್ಕೆ ಮಾತಿಗೆ ಮಾತು ಬೆಳೆದಿರುತ್ತದೆ, ಜೂನಿಯರ್ ಒಬ್ಬನಿಗೆ ಮೊದಲೇ ಕಾರ್ಡ್ ಸಿಕ್ಕಿರುತ್ತದೆ. ‘ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ, ನನಗೇನೂ ಬೇಡ’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ.

ಆ ಸಿಟ್ಟು ಸುಳ್ಳಲ್ಲ. ಆದರೆ ಹೊರಡುವಾಗ ಸಿಗುವ ಗೌರವದಲ್ಲಿ ನಾಲ್ಕು ಬಗೆ ಇದೆ, ನಾಲ್ಕಕ್ಕೂ ಒಂದೇ ಉತ್ತರ ಕೊಟ್ಟರೆ ನಷ್ಟ ನಿಮಗೇ. ದಾಖಲೆಗೆ ಸೇರುವಂಥದ್ದನ್ನು ಬಿಡಬೇಡಿ. ಬೇಡವೇ ಬೇಡ ಅನಿಸಿದರೆ ಸಮಾರಂಭವನ್ನು ಬಿಡಿ.

ಮೊದಲನೆಯದು ಸೇವಾ ಪದಕಗಳು. ಇವು ಯಾರ ದಯೆಯಿಂದಲೂ ಬರುವುದಿಲ್ಲ, ನೀವು ಕಳೆದ ದಿನಗಳ ಲೆಕ್ಕದಿಂದ ಬರುತ್ತವೆ. 9 ವರ್ಷ, 20 ವರ್ಷ, 30 ವರ್ಷದ ದೀರ್ಘ ಸೇವಾ ಪದಕಗಳಿವೆ. 9,000 ಅಡಿಗಿಂತ ಮೇಲಿನ ಜಾಗದಲ್ಲಿ ಒಟ್ಟು 180 ದಿನ ಕಳೆದವರಿಗೆ ಹೈ ಆಲ್ಟಿಟ್ಯೂಡ್ ಮೆಡಲ್ ಇದೆ. ಜಮ್ಮು–ಕಾಶ್ಮೀರದಂಥ ನಿಗದಿತ ಪ್ರದೇಶಗಳ ಸೇವೆಗೆ ಸೈನ್ಯ ಸೇವಾ ಪದಕ ಇದೆ. ಇವನ್ನು ಬೇಡ ಅನ್ನುವ ಪ್ರಶ್ನೆಯೇ ಏಳಬಾರದು, ಕೇಳಿ ಪಡೆಯಬೇಕು. ಅಸಲಿ ಪದಕ ಕೈಗೆ ಬರುವುದು ತಡ. ಹಾಗಾಗಿ ಅಂಗಡಿಯಲ್ಲಿ ಕೊಂಡ ನಕಲನ್ನೇ ಎದೆಗೆ ಹಾಕಿಕೊಂಡು ಸರ್ವಿಸ್ ಮುಗಿಸಿದವರು ಬಹಳ. ಎದೆ ಮೇಲೆ ರಿಬ್ಬನ್ ಇದ್ದ ಮಾತ್ರಕ್ಕೆ ಅದು ದಾಖಲೆಯಲ್ಲೂ ಇದೆ ಅಂದುಕೊಳ್ಳಬೇಡಿ.

ಹೀಗೆ ಮಾಡಿ. ಒಂದು ಹಾಳೆಯಲ್ಲಿ ಸೇರಿದ ದಿನದಿಂದ ಇಲ್ಲಿಯತನಕದ ಪೋಸ್ಟಿಂಗ್‌ಗಳನ್ನು ತಾರೀಖಿನ ಸಮೇತ ಬರೆಯಿರಿ. ಪ್ರತಿಯೊಂದರ ಎದುರಿಗೆ ಯಾವ ಪದಕಕ್ಕೆ ಅರ್ಹತೆ ಬಂತು ಅಂತ ಬರೆಯಿರಿ. ಆಮೇಲೆ ಹೆಡ್ ಕ್ಲರ್ಕ್ ಹತ್ತಿರ ಕೂತು, ಪ್ರತಿ ಪದಕವೂ ಪಾರ್ಟ್ ಟು ಆರ್ಡರ್‌ನಲ್ಲಿ (ಸೈನಿಕನ ಸೇವಾ ವಿವರ ದಾಖಲೆಗೆ ಸೇರಿಸುವ ಆದೇಶ) ಪ್ರಕಟವಾಗಿದೆಯೇ ನೋಡಿಸಿ, ಆರ್ಡರಿನ ನಂಬರು, ತಾರೀಖು ಬರೆದುಕೊಳ್ಳಿ. ಪಾರ್ಟ್ ಟು ಆರ್ಡರ್ ಇಲ್ಲದಿದ್ದರೆ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಮಟ್ಟಿಗೆ ಆ ಪದಕ ಇಲ್ಲ. ಯೂನಿಟ್ಟಿನಲ್ಲಿ ಇರುವಾಗ ಇದು ಕ್ಲರ್ಕ್ ಮುಂದೆ ಕೂತು ಮುಗಿಸುವ ಕೆಲಸ. ಊರಿಗೆ ಬಂದಮೇಲೆ ಪತ್ರದ ಮೇಲೆ ಪತ್ರ ಬರೆಯಬೇಕಾಗುತ್ತದೆ, ಅಷ್ಟರಲ್ಲಿ ಯೂನಿಟ್ ಬೇರೆ ಕಡೆಗೆ ಹೋಗಿರುತ್ತದೆ, ನಿಮ್ಮನ್ನು ಬಲ್ಲ ಕ್ಲರ್ಕೂ ಬದಲಾಗಿರುತ್ತಾನೆ.

ಎರಡನೆಯದು ಆನರರಿ ರ‍್ಯಾಂಕ್. ಸಿಟ್ಟಿನಲ್ಲಿ ಬಿಟ್ಟರೆ ತಿಂಗಳು ತಿಂಗಳೂ ಕೈಸುಡುವುದು ಇದೇ. ಹವಾಲ್ದಾರ್ ಆಗಿ ಪೆನ್ಷನ್ ಬರುವವರಿಗೆ ಆನರರಿ ನಾಯಬ್ ಸುಬೇದಾರ್ ಸಿಕ್ಕಿದರೆ, 6ನೇ ವೇತನ ಆಯೋಗದ ನಂತರ, ಅಂದರೆ 1–1–2006ರಿಂದ, ಪೆನ್ಷನ್ನನ್ನು ನಾಯಬ್ ಸುಬೇದಾರ್ ದರ್ಜೆಯ ಲೆಕ್ಕದಲ್ಲಿ ಕಟ್ಟುತ್ತಾರೆ. ಗ್ರಾಚುಯಿಟಿ, ರಜೆ ನಗದೀಕರಣ ಮಾತ್ರ ಹವಾಲ್ದಾರ್ ಲೆಕ್ಕದಲ್ಲೇ ಬರುತ್ತದೆ. ಅದಕ್ಕೇ ಕೈಗೆ ಬಂದ ಮೊದಲ ಮೊತ್ತ ನೋಡಿ ‘ಏನೂ ವ್ಯತ್ಯಾಸ ಇಲ್ಲ’ ಅಂದುಕೊಳ್ಳುವವರಿದ್ದಾರೆ. ವ್ಯತ್ಯಾಸ ಇರುವುದು ತಿಂಗಳ ಪೆನ್ಷನ್ನಿನಲ್ಲಿ. ಕಮಾಂಡಿಂಗ್ ಆಫೀಸರ್ ಮೇಲಿನ ಮುನಿಸಿಗೆ ಮನೆಯವರ ಅನ್ನವನ್ನು ಅಡ ಇಡಬೇಡಿ. ನಿಮ್ಮ ಹೆಸರು ಹೋಗಿದೆಯೇ, ಶೀಟ್ ರೋಲಿನಲ್ಲಿರುವ (ನಿಮ್ಮ ಸೇವಾ ದಾಖಲೆ) ರೆಡ್ ಇಂಕ್ ಎಂಟ್ರಿ, ಅಂದರೆ ಶಿಕ್ಷೆಯ ನಮೂದು, ಏನಾದರೂ ಅಡ್ಡ ಬರುತ್ತಿದೆಯೇ ಅಂತ ನೀವೇ ಹೋಗಿ ವಿಚಾರಿಸಿ.

ಜೆಸಿಓಗಳಿಗೆ (ಸುಬೇದಾರ್‌ನಂಥ ಜೂನಿಯರ್ ಕಮಿಷನ್ಡ್ ಆಫೀಸರ್) ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ಪಟ್ಟಿ ಜನವರಿ 26 ಮತ್ತು ಆಗಸ್ಟ್ 15ಕ್ಕೆ ಬರುತ್ತದೆ. ಊರು ಸೇರಿದ ಮೇಲೆ ಪಟ್ಟಿ ಬಂದರೆ ನಿಮ್ಮ ಪಿಪಿಓದಲ್ಲಿ (ಪೆನ್ಷನ್ ಪಾವತಿ ಆದೇಶ) ಹಳೇ ರ‍್ಯಾಂಕೇ ಉಳಿದಿರುತ್ತದೆ. ರೆಕಾರ್ಡ್ ಆಫೀಸಿನ ಮೂಲಕ ತಿದ್ದುಪಡಿ ಪಿಪಿಓ ಹೊರಡಿಸಬೇಕು, ಸೇನಾ ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್‌ನಲ್ಲಿ ಹೊಸ ರ‍್ಯಾಂಕ್ ಕಾಣುವ ತನಕ ಬೆನ್ನು ಬಿಡಬಾರದು.

ಒಂದು ಮಾತು ಊರಿನ ಕಡೆಯವರಿಗೂ. ಪೆನ್ಷನ್ ಬರುವ ಯೋಧರಿಗೆ ಮೈಸೂರು ಪೇಟ ತೊಡಿಸಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಬರಮಾಡಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಚೆನ್ನಾಗಿ ಬೆಳೆದಿರುವ ಪದ್ಧತಿ. ಪಟ್ಟಿ ಬರುವ ಮುಂಚೆಯೇ ಫ್ಲೆಕ್ಸಿನಲ್ಲಿ ‘ಕ್ಯಾಪ್ಟನ್’ ಅಂತ ಹಾಕಿಸಬೇಡಿ. ಹೆಸರು ಬಾರದೇ ಹೋದರೆ ಮುಜುಗರಪಡುವವರು ಅವರೇ. ಪಟ್ಟಿಯಲ್ಲಿ ಬಂದಮೇಲೆ ಹೆಸರಿನ ಜತೆ ಹಾಕಿಕೊಳ್ಳಲು ಸಂಕೋಚ ಬೇಡ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದರೂ ಸೈನಿಕ ಗೌರವಗಳಿಗೆ ವಿನಾಯಿತಿ ಕೊಟ್ಟಿದೆ. ಮೊದಲು ರ‍್ಯಾಂಕ್, ಆಮೇಲೆ ಹೆಸರು, ಕೊನೆಯಲ್ಲಿ ‘ನಿವೃತ್ತ’ ಅಂತ ಬರೆಯುವುದು ಸರಿಯಾದ ಕ್ರಮ.

ಮೂರನೆಯದು ಕಮೆಂಡೇಶನ್ ಕಾರ್ಡ್. ಯೋಚನೆಗೆ ನಿಜವಾಗಿ ಜಾಗವಿರುವುದು ಇಲ್ಲಿ. ಇದಕ್ಕೆ ಮಾಸಿಕ ಭತ್ಯೆ ಇಲ್ಲ. ಭತ್ಯೆ ಇರುವುದು ಶೌರ್ಯ ಪದಕಗಳಿಗೆ; ಶೌರ್ಯಕ್ಕೆಂದು ಕೊಟ್ಟ ಸೇನಾ ಮೆಡಲ್‌ಗೆ 2017ರ ಪರಿಷ್ಕರಣೆಯಲ್ಲಿ ತಿಂಗಳಿಗೆ 2,000 ರೂಪಾಯಿ ಆಯಿತು. ಕಾರ್ಡಿಗೆ ಸರ್ವಿಸ್‌ನಲ್ಲಿರುವಾಗ ಇದ್ದ ತೂಕ ಹೊರಡುವವರಿಗೆ ಇರುವುದಿಲ್ಲ. ಆದರೂ ನಮ್ಮ ಸಲಹೆ ತಗೊಳ್ಳಿ ಅಂತಲೇ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸಕ್ಕೆ ಅರ್ಜಿ ಹಾಕಿದಾಗ, ಸೇನೆಯ ಒಳಗಿನ ಭಾಷೆ ಗೊತ್ತಿಲ್ಲದ ಮ್ಯಾನೇಜರಿಗೂ ಅರ್ಥವಾಗುವ ಕಾಗದ ಇದು.

ಬೇಡ ಎಂಬುದಕ್ಕೆ ಒಂದು ನ್ಯಾಯವಾದ ಕಾರಣ ಇದೆ: ಶಿಫಾರಸಿನಲ್ಲಿ ಬರೆದ ಕೆಲಸ ನೀವು ಮಾಡಿದ್ದಲ್ಲ, ಪಕ್ಕದವನು ಮಾಡಿದ್ದು. ಆಗ ತಪ್ಪದೆ ಹೇಳಿ, ಅವನ ಹೆಸರು ಕೊಡಿ. ‘ನನಗೆ ಇದಕ್ಕಿಂತ ದೊಡ್ಡದು ಸಿಗಬೇಕಿತ್ತು’ ಎಂಬ ಕಾರಣಕ್ಕೆ ಬೇಡ ಅಂದರೆ ದೊಡ್ಡದು ಬರುವುದಿಲ್ಲ, ಇದೂ ಹೋಗುತ್ತದೆ.

ಹೇಳುವುದಿದ್ದರೆ ಹೆಸರು ಯೂನಿಟ್ಟಿನಿಂದ ಮೇಲೆ ಹೋಗುವ ಮುನ್ನ ಹೇಳಬೇಕು. ಬ್ರಿಗೇಡ್, ಡಿವಿಷನ್ ದಾಟಿದ ಕಾಗದವನ್ನು ವಾಪಸ್ ಕರೆಸುವುದು ಎಲ್ಲರಿಗೂ ತಲೆನೋವು. ಮೊದಲು ಸುಬೇದಾರ್ ಸಾಹೇಬರಿಗೆ, ಆಮೇಲೆ ಕಂಪನಿ ಕಮಾಂಡರ್‌ಗೆ. ಬರೆದು ಕೊಡುವುದಾದರೆ ಎರಡೇ ವಾಕ್ಯ: ನನ್ನ ಹೆಸರು ಪರಿಗಣಿಸಿದ್ದಕ್ಕೆ ಕೃತಜ್ಞತೆ, ಈ ಸಲ ನನ್ನ ಹೆಸರನ್ನು ಕಳಿಸಬೇಡಿ ಎಂದು ವಿನಂತಿ. ಯಾರ ಮೇಲಿನ ದೂರನ್ನೂ ಅದರಲ್ಲಿ ಸೇರಿಸಬೇಡಿ. ದೂರಿಗೆ ಬೇರೆ ದಾರಿ ಇದೆ, ಅದು ಬೇರೆ ಕಾಗದದಲ್ಲಿ ಹೋಗಲಿ. ಎರಡನ್ನೂ ಬೆರೆಸಿದರೆ ನಿಮ್ಮ ನ್ಯಾಯವಾದ ದೂರು ‘ಕಾರ್ಡಿಗೋಸ್ಕರದ ಮುನಿಸು’ ಅನಿಸಿಕೊಳ್ಳುತ್ತದೆ.

ಕೊನೆಯದು ಬಡಾಖಾನಾದಲ್ಲಿ (ಯೂನಿಟ್ಟಿನವರೆಲ್ಲ ಸೇರಿ ಉಣ್ಣುವ ಔತಣ) ಕೊಡುವ ನೆನಪಿನ ಕಾಣಿಕೆ. ಇದು ಯಾವ ದಾಖಲೆಗೂ ಸೇರದು, ಬೇಡ ಅನ್ನಲು ನೀವು ಸ್ವತಂತ್ರರು. ಆದರೆ ಹಿತ್ತಾಳೆ ತಗಡಿನ ಮೇಲೆ ನಿಮ್ಮ ಹೆಸರು ಕೆತ್ತಿಸುವ ಮುಂಚೆ ಹೇಳಿ. ಬಹಳ ಸಲ ಅದಕ್ಕೆ ದುಡ್ಡು ಹಾಕಿದವರು ನಿಮ್ಮ ಜತೆ ಟೆಂಟ್ ಹಂಚಿಕೊಂಡವರೇ. ಸಾಹೇಬರ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಿದಂತಾಗುತ್ತದೆ. ವೇದಿಕೆ ಬೇಡ ಅನಿಸಿದರೆ ಲಂಗರಿನಲ್ಲೇ (ಜವಾನರ ಅಡುಗೆಮನೆ) ಅವರ ಕೈಯಿಂದ ತಗೊಂಡು ಬನ್ನಿ.

ಪದಕ ಕೈಗೆ ಬಂದ ದಿನ ಅದರ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ನಿಮ್ಮ ನಂಬರು, ರ‍್ಯಾಂಕ್, ಹೆಸರು ಅಲ್ಲಿ ಕೆತ್ತಿರುತ್ತದೆ. ನಮ್ಮ ಕಡೆಯ ಹೆಸರುಗಳು ಎಡವುವುದು ಇಲ್ಲೇ: ಇನಿಷಿಯಲ್ ಬಿಟ್ಟುಹೋಗಿರುತ್ತದೆ, ಊರಿನ ಹೆಸರೇ ಮುಖ್ಯ ಹೆಸರಾಗಿರುತ್ತದೆ, ‘ಗೌಡ’ದ ಇಂಗ್ಲಿಷ್ ಸ್ಪೆಲಿಂಗು ಹಿಂದಿ ಮೂಲಕ ಹೋಗಿಬಂದು ಬದಲಾಗಿರುತ್ತದೆ. ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಡುವ ಸೇವಾ ಪುಸ್ತಕ), ಪಿಪಿಓ, ಆಧಾರ್ ಮೂರರಲ್ಲೂ ಒಂದೇ ಸ್ಪೆಲಿಂಗ್ ಇರಬೇಕು. ಡಿಸ್ಚಾರ್ಜ್ ಬುಕ್ಕಿನ ಪದಕಗಳ ಕಲಮನ್ನು ನಿಮ್ಮ ಹಾಳೆಯ ಪಟ್ಟಿಗೆ ಹೋಲಿಸಿ, ತಪ್ಪಿದ್ದರೆ ಸಹಿ ಹಾಕುವ ಮುನ್ನ ತಿದ್ದಿಸಿ. ಆಮೇಲೆ ಪಾರ್ಟ್ ಟು ಆರ್ಡರ್‌ಗಳ ಜೆರಾಕ್ಸ್ ಎರಡು ಸೆಟ್ ಮಾಡಿ, ಒಂದನ್ನು ಮನೆಯಲ್ಲಿಡಿ, ಇನ್ನೊಂದನ್ನು ಮಾಜಿ ಸೈನಿಕರಾಗಿ ನೋಂದಾಯಿಸಲು ಸೈನಿಕ ಕಲ್ಯಾಣ ಕಚೇರಿಗೆ ಹೋಗುವ ದಿನ ಡಿಸ್ಚಾರ್ಜ್ ಬುಕ್ಕಿನ ಜತೆ ಒಯ್ಯಿರಿ.