ಅವ್ವನ ಬೋರ್ಡಿಂಗ್ ಪಾಸು, ಮಹಾರಾಜನ ಪಾಯಿಂಟು

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದು ಟಿಕೆಟ್ ಬುಕಿಂಗ್ ಅಂಗಡಿ. ಬಸ್ಸು, ರೈಲು, ವಿಮಾನ ಮೂರೂ ಮಾಡುತ್ತೇನೆ. ಹಾರಿದವರ ಖಾತೆಗೆ ವಿಮಾನ ಕಂಪನಿ ಜಮಾ ಮಾಡುವ, ಮುಂದೆ ಟಿಕೆಟ್ ತೆಗೆಯಲು ಬಳಸಬಹುದಾದ ಪಾಯಿಂಟುಗಳ ಕಡೆ ನಾನು ಹೆಚ್ಚು ಗಮನ ಕೊಟ್ಟವನಲ್ಲ. ಗಮನ ಕೊಡುವ ಹಾಗೆ ಮಾಡಿದ್ದು ನಮ್ಮ ಅವ್ವನ ಲಂಡನ್ ಪ್ರಯಾಣ.

ತಂಗಿಯ ಬಾಣಂತನಕ್ಕೆ ಅವ್ವ ಹೊರಟಿದ್ದು 2024ರಲ್ಲಿ. ಮುಂಬೈನಿಂದ ಏರ್ ಇಂಡಿಯಾದ ನೇರ ವಿಮಾನಕ್ಕೆ ಟಿಕೆಟ್ ತೆಗೆದೆ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಹಿಂದಿ ಮರಾಠಿ ಚೆನ್ನಾಗಿ ಬರುತ್ತದೆ. ನಡುದಾರಿಯಲ್ಲಿ ಇಳಿದು ಇನ್ನೊಂದು ವಿಮಾನ ಹುಡುಕುವ ಗೋಜು ಬೇಡ, ನೀರು ಬೇಕಾದರೆ ಹಿಂದಿಯಲ್ಲೇ ಬಾಯಿ ಬಿಟ್ಟು ಕೇಳುವಂತಿರಬೇಕು. ನನಗೆ ಅಷ್ಟೇ ಸಾಕಿತ್ತು. ವ್ಹೀಲ್‌ಚೇರ್ ಮೊದಲೇ ಹೇಳಿದೆ. ಊಟಕ್ಕೆ ಎವಿಎಂಎಲ್ ಹಾಕಿಸಿದೆ, ಅಂದರೆ ನಮ್ಮ ಕಡೆಯ ಶಾಕಾಹಾರಿ ಊಟ. ಜೈನ ಗಿರಾಕಿಗಳಿಗೆ ವಿಜೆಎಂಎಲ್ ಹಾಕುತ್ತೇನೆ, ಅದರಲ್ಲಿ ಗಡ್ಡೆ ಇರುವುದಿಲ್ಲ. ಇದನ್ನೆಲ್ಲ ಹೊರಡುವ ದಿನ ಹೇಳಿದರೆ ಸಿಗೋದಿಲ್ಲ, ಟಿಕೆಟ್ ಜೊತೆಗೇ ಹೇಳಿಬಿಡಬೇಕು.

ಅದೇ ವೇಳೆಗೆ ಅವ್ವನ ಹೆಸರಲ್ಲಿ ಏರ್ ಇಂಡಿಯಾದ ಪಾಯಿಂಟ್ ಯೋಜನೆಯ ಮೆಂಬರ್‌ಶಿಪ್ಪೂ ಮಾಡಿದೆ. ಆಗ ಅದರ ಹೆಸರು ಫ್ಲೈಯಿಂಗ್ ರಿಟರ್ನ್ಸ್. 2025ರಲ್ಲಿ ಅದೇ ಮಹಾರಾಜ ಕ್ಲಬ್ ಆಯಿತು.

ತಪ್ಪಿದ್ದು ಇಲ್ಲೇ, ಮತ್ತು ತಪ್ಪು ನನ್ನದು. ನಮ್ಮ ಕಡೆ ಹೆಸರು ಹೇಗಿರುತ್ತದೆ ಗೊತ್ತಲ್ವಾ? ಸ್ವಂತ ಹೆಸರು, ನಡುವೆ ಗಂಡನದೋ ಅಪ್ಪನದೋ ಹೆಸರು, ಕೊನೆಗೆ ಅಡ್ಡಹೆಸರು. ಅವ್ವನ ಪಾಸ್‌ಪೋರ್ಟಿನಲ್ಲಿ ಮೂರೂ ಇವೆ. ಮೆಂಬರ್‌ಶಿಪ್ ಮಾಡುವಾಗ ನಾನು ನಡುವಿನದನ್ನು ಬಿಟ್ಟೆ. ಅಡ್ಡಹೆಸರಿನಲ್ಲಿ ಪಾಸ್‌ಪೋರ್ಟಿನಲ್ಲಿ ಒಂದು ‘ಐ’ ಇದ್ದರೆ ನಾನು ಎರಡು ‘ಇ’ ಹಾಕಿದ್ದೆ, ಆಕೆಯ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹಾಗೇ ಇತ್ತು. ಅವ್ವ ಲಂಡನ್ ಮುಟ್ಟಿ ಹದಿನೈದು ದಿನವಾದರೂ ಖಾತೆಯಲ್ಲಿ ಸೊನ್ನೆ.

ಒಂದು ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ ಪಾಸ್‌ಪೋರ್ಟಿನ ಝೆರಾಕ್ಸ್, ಟಿಕೆಟ್, ಮೆಂಬರ್‌ಶಿಪ್ ಪುಟ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದಿದೆ. ಆಗ ಕಂಡಿತು. ಪಾಸ್‌ಪೋರ್ಟ್ ಪ್ರತಿ ಕಳಿಸಿ ಹೆಸರು ತಿದ್ದಿಸಿದೆ. ಆಮೇಲೆ ಬಾರದ ಪಾಯಿಂಟಿಗೆ ಅರ್ಜಿ ಹಾಕಿದೆ. ಅದಕ್ಕೆ ಟಿಕೆಟ್ ನಂಬರ್ ಬೇಕು. ಪಿಎನ್‌ಆರ್ ಬೇರೆ, ಇದು ಬೇರೆ. ಪಿಎನ್‌ಆರ್‌ಗೆ ಆರೇ ಅಕ್ಷರ. ಟಿಕೆಟ್ ನಂಬರಿಗೆ 13 ಅಂಕಿ, ಏರ್ ಇಂಡಿಯಾದ್ದಾದರೆ 098ರಿಂದ ಶುರುವಾಗುತ್ತದೆ. ಸ್ವಲ್ಪ ದಿನಕ್ಕೆ ಪಾಯಿಂಟು ಬಂತು.

ಬೋರ್ಡಿಂಗ್ ಪಾಸಿನದು ಇನ್ನೊಂದು ಕಥೆ. ಅವ್ವ ಲಂಡನ್ನಿನಿಂದ ಫೋನಿನಲ್ಲಿ ಕೇಳಿದ್ದಳು, ‘ತಮ್ಮಾ, ಈ ಚೀಟಿ ಇಡ್ಲೋ, ಒಗೀಲೋ?’

‘ಇಡು ಅವ್ವಾ, ಜ್ವಾಕಿ’ ಅಂದಿದ್ದೆ.

ಅವಳು ಜೋಪಾನವಾಗಿಯೇ ಇಟ್ಟಿದ್ದಳು, ಆದರೆ ತಂಗಿಯ ಮನೆಯ ದೇವರ ಮುಂದೆ, ದೀಪದ ಪಕ್ಕ. ಆ ಕಾಗದ ಬಿಸಿಗೆ ಅಕ್ಷರ ಮೂಡುವಂಥದ್ದು, ಬಿಸಿ ತಾಗಿದರೆ ಕೆಡುವಂಥದ್ದೂ ಹೌದು. ಊರಿಗೆ ಬಂದಾಗ ನೋಡಿದೆ: ಚೀಟಿಯ ಅರ್ಧ ಕಪ್ಪಾಗಿತ್ತು, ಸೀಟ್ ನಂಬರೂ ಓದಲು ಬರುತ್ತಿರಲಿಲ್ಲ. ಈಗ ಪ್ರತಿ ಗಿರಾಕಿಗೂ ಹೇಳುತ್ತೇನೆ, ಪಾಸು ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ, ಪಾಯಿಂಟ್ ಜಮಾ ಆಗೋ ತನಕ ಅಳಿಸಬೇಡಿ.

ಲೆಕ್ಕದ ಮಾತಿಗೆ ಬರೋಣ. ಮೊದಲು ಎಷ್ಟು ದೂರ ಹಾರಿದಿರಿ ಅನ್ನೋದರ ಮೇಲೆ ಪಾಯಿಂಟು ಕೊಡುತ್ತಿದ್ದರು. 2024ರ ಏಪ್ರಿಲ್‌ನಿಂದ ಎಷ್ಟು ದುಡ್ಡು ಕೊಟ್ಟಿರಿ ಅನ್ನೋದರ ಮೇಲೆ. ಟಿಕೆಟ್ಟಿನಲ್ಲಿ ತೆರಿಗೆಗೆ ಹೋದ ದುಡ್ಡು ಲೆಕ್ಕಕ್ಕಿಲ್ಲ. ಹಾಗಾಗಿ ಮೂರು ತಿಂಗಳು ಮೊದಲೇ ಅಗ್ಗದ ಟಿಕೆಟ್ ಹಿಡಿಯುವ ನಮ್ಮಂಥವರಿಗೆ ಪಾಯಿಂಟು ಕಡಿಮೆಯೇ. ಅದಕ್ಕೆ ಬೇಜಾರು ಬೇಡ, ಉಳಿದ ದುಡ್ಡು ನಮ್ಮ ಕೈಯಲ್ಲೇ ಇದೆ. ಇದರಲ್ಲಿ ಎರಡು ಜಾತಿ ಪಾಯಿಂಟುಗಳಿವೆ. ಒಂದು ಖರ್ಚು ಮಾಡೋದಕ್ಕೆ, ಇನ್ನೊಂದು ರೆಡ್‌ನಿಂದ ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೆಂಬರ್ ದರ್ಜೆಯಲ್ಲಿ ಮೇಲೇರೋದಕ್ಕೆ. ವರ್ಷಕ್ಕೊಮ್ಮೆ ಹಾರುವವರು ಮೇಲೇರುವ ಆಸೆಯನ್ನು ಸುಮ್ನೆ ಬಿಟ್ಟುಬಿಡುವುದು ಒಳ್ಳೆಯದು. 24 ತಿಂಗಳಲ್ಲಿ ಒಮ್ಮೆಯಾದರೂ ಹಾರಿದರೆ ಖರ್ಚಿನ ಪಾಯಿಂಟು ಜೀವಂತ ಇರುತ್ತದೆ. ಅವ್ವನ ಪಾಯಿಂಟಿನ ಕೊನೆಯ ತಾರೀಖನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಒಂದಿದೆ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಒಕ್ಕೂಟದಲ್ಲಿದೆ. ಅದೇ ಒಕ್ಕೂಟದ ಲುಫ್ತಾನ್ಸಾದಲ್ಲೋ ಸಿಂಗಪುರ್ ಏರ್‌ಲೈನ್ಸ್‌ನಲ್ಲೋ ಹೋಗುವವರು ಬುಕ್ ಮಾಡುವಾಗ ಇದೇ ಮೆಂಬರ್ ನಂಬರ್ ಕೊಡಬಹುದು. ಪಾಯಿಂಟಿನಲ್ಲಿ ಟಿಕೆಟ್ ತೆಗೆದರೂ ಟ್ಯಾಕ್ಸ್ ಮಾತ್ರ ರೊಕ್ಕದಲ್ಲೇ ಕಟ್ಟಬೇಕು. ಲಂಡನ್ನಿನಿಂದ ಹೊರಡುವ ಟಿಕೆಟ್‌ಗೆ ಅಲ್ಲಿನ ಸರ್ಕಾರದ ತೆರಿಗೆ ಭಾರಿ. ಅದಕ್ಕೇ ಅವ್ವನ ಪಾಯಿಂಟನ್ನು ನಾನು ದೇಶದೊಳಗಿನ ಪ್ರಯಾಣಕ್ಕೆ ಇಟ್ಟಿದ್ದೇನೆ.

ಇನ್ನು ಏರ್ ಇಂಡಿಯಾದ ಸೇವೆ. ‘ಆ ವಿಮಾನ ಬ್ಯಾಡ್ರಿ ಸರ’ ಅನ್ನುವವರು ಈಗಲೂ ಇದ್ದಾರೆ. 1932ರಲ್ಲಿ ಜೆ.ಆರ್.ಡಿ. ಟಾಟಾ ಶುರು ಮಾಡಿದ ಕಂಪನಿ 1953ರಲ್ಲಿ ಸರ್ಕಾರದ್ದಾಯಿತು, 2022ರ ಜನವರಿಯಲ್ಲಿ ಮತ್ತೆ ಟಾಟಾ ಕೈಗೆ ಬಂತು. ಮಾಲೀಕರು ಬದಲಾದರು ಅಂತ ಎಲ್ಲ ಸೀಟೂ ಒಂದೇ ದಿನಕ್ಕೆ ಹೊಸದಾಗೋದಿಲ್ಲ. 2024ರ ಜನವರಿಯಲ್ಲಿ ಬೆಂಗಳೂರು–ಮುಂಬೈ ನಡುವೆ ಮೊದಲು ಹಾರಿದ ಎ350 ಮಾದರಿಯ ವಿಮಾನ ಹೊಸದು. ಹಳೆಯ ವಿಮಾನಗಳ ಒಳಭಾಗವನ್ನು ಒಂದೊಂದಾಗಿ ಬದಲಿಸುತ್ತಿದ್ದಾರೆ. ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ಯಾವ ವಿಮಾನ ಅಂತ ನೋಡಿ ಗಿರಾಕಿಗೆ ಹೇಳುತ್ತೇನೆ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಬಿತ್ತು. ಮುಂದೆ ಕೆಲವು ದಿನ ನನ್ನ ಫೋನು ನಿಲ್ಲಲಿಲ್ಲ. ಟಿಕೆಟ್ ಬದಲಿಸಿ ಅಂದವರಿಗೆ ಬದಲಿಸಿಕೊಟ್ಟೆ, ಪಾಯಿಂಟಿನ ಮಾತು ಎತ್ತಲಿಲ್ಲ. ಹೆದರಿದವರ ಮುಂದೆ ಲಾಭದ ಲೆಕ್ಕ ಹೇಳಬಾರದು.

ನಮ್ಮ ಊರಿನವರಿಗೆ ಇನ್ನೊಂದೇ ಮಾತು. ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಬೇರೆ ಕಂಪನಿಯ ಟಿಕೆಟ್, ಅಲ್ಲಿಂದ ಮುಂದಕ್ಕೆ ಏರ್ ಇಂಡಿಯಾ ಅಂತ ಬೇರೆ ಬೇರೆಯಾಗಿ ತೆಗೆದರೆ ಮೊದಲನೆಯದು ತಡವಾದಾಗ ಎರಡನೆಯವರು ಕಾಯೋದಿಲ್ಲ. ಬ್ಯಾಗನ್ನೂ ಇಳಿಸಿಕೊಂಡು ಮತ್ತೆ ಕೊಡಬೇಕು. ಅವ್ವನನ್ನು ಹಿಂದಿನ ರಾತ್ರಿಯೇ ಮುಂಬೈಗೆ ಮುಟ್ಟಿಸಿದ್ದು ಅದಕ್ಕೇ. ಮುಂದಿನ ಸಲವೂ ಹಾಗೇ ಮಾಡುತ್ತೇನೆ.