ಮೊದಲು ಮೂರನೇ ಸಾಲಿಗೆ ಹತ್ತಿ: ಸೆಕೆಂಡ್ ಹ್ಯಾಂಡ್ ದೊಡ್ಡ ಎಸ್‌ಯುವಿ ಆರಿಸುವ ಬಗೆ

ಹಳೆಯ ದೊಡ್ಡ ಎಸ್‌ಯುವಿ ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಏರಿ ಕೂರುವುದು ಚಾಲಕನ ಸೀಟಿಗೆ. ಎತ್ತರದಿಂದ ರಸ್ತೆ ಕಾಣುತ್ತದೆ, ಎದುರಿಗೆ ಅಗಲವಾದ ಪರದೆ ಬೆಳಗುತ್ತದೆ, ಸ್ಟೀರಿಂಗ್ ಕೈಗೆ ಹಿತವಾಗಿರುತ್ತದೆ. ಅಷ್ಟರಲ್ಲಿ ಮನಸ್ಸು ಒಪ್ಪಿಬಿಟ್ಟಿರುತ್ತದೆ. ಆಮೇಲಿನ ಪರೀಕ್ಷೆಗಳೆಲ್ಲ ಬರೀ ಶಾಸ್ತ್ರಕ್ಕೆ. ನನ್ನ ಹತ್ತಿರದ ಸಂಬಂಧಿಯೊಬ್ಬರು ಹೀಗೆಯೇ ಎಂಟು ಸೀಟಿನ ಗಾಡಿಯೊಂದನ್ನು ಮನೆಗೆ ತಂದರು. ಚಿಕ್ಕ ಮಕ್ಕಳಿಬ್ಬರ ಸುರಕ್ಷಾ ಸೀಟುಗಳನ್ನು ಎರಡನೇ ಸಾಲಿಗೆ ಬಿಗಿದ ಮೇಲೆ ಮೂರನೇ ಸಾಲಿಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ ಎಂಬುದು ಅವರಿಗೆ ಗೊತ್ತಾದದ್ದು ಮಾರನೆಯ ದಿನ. ಅವರ ಹಿರಿಯ ಮಗಳು ಎರಡು ವರ್ಷ ಹಿಂಬಾಗಿಲಿನಿಂದ, ಚೀಲಗಳ ಮೇಲೆ ಹತ್ತಿ ಇಳಿದು, ತನ್ನ ಜಾಗ ಸೇರುತ್ತಿದ್ದಳು.

ಆದ್ದರಿಂದ ಈ ಲೇಖನ ಹಿಂದಿನ ಸೀಟಿನಿಂದ ಆರಂಭವಾಗಿ ಗಾಡಿಯ ಅಡಿಭಾಗಕ್ಕೆ ಹೋಗುತ್ತದೆ. ಡ್ಯಾಶ್‌ಬೋರ್ಡಿಗೆ ಇಲ್ಲಿ ಕೊನೆಯ ಸ್ಥಾನ.

ಹಂತ 1: ಮನೆಯಲ್ಲೇ ಮುಗಿಸಬೇಕಾದ ಲೆಕ್ಕ

ಎಷ್ಟು ಜನ, ಎಷ್ಟು ಸಾಮಾನು, ನಿಲ್ಲಿಸಲು ಎಷ್ಟು ಉದ್ದದ ಜಾಗ ಎಂಬುದನ್ನು ಟೇಪು ಹಿಡಿದು ಬರೆದುಕೊಳ್ಳಿ. ಈ ವರ್ಗದ ಗಾಡಿಗಳಲ್ಲಿ ಷೆವರ್ಲೆ ಸಬರ್ಬನ್‌ನಂಥವು ಸುಮಾರು 5.7 ಮೀಟರ್ ಉದ್ದ ಇರುತ್ತವೆ. ಹಿಂಬಾಗಿಲು ಮೇಲಕ್ಕೆ ತೆರೆಯಲು ಬೇಕಾಗುವ ಜಾಗ ಅದಕ್ಕೆ ಸೇರಿಲ್ಲ.

ತೂಕದ ಲೆಕ್ಕವನ್ನು ಬಹುತೇಕರು ಮಾಡುವುದೇ ಇಲ್ಲ. ಎಂಟು ಸೀಟುಗಳಿವೆ ಎಂದ ಮಾತ್ರಕ್ಕೆ ಎಂಟು ಜನ ಮತ್ತು ಅವರೆಲ್ಲರ ಪೆಟ್ಟಿಗೆಗಳನ್ನು ಗಾಡಿ ಹೊರಬಲ್ಲದು ಎಂದು ಅರ್ಥವಲ್ಲ. ಒಬ್ಬರಿಗೆ 75 ಕಿಲೋ ಎಂದು ಹಿಡಿದರೂ ಎಂಟು ದೊಡ್ಡವರು 600 ಕಿಲೋ ಆಗುತ್ತಾರೆ, ಮತ್ತು ಹಲವು ದೊಡ್ಡ ಎಸ್‌ಯುವಿಗಳ ಹೊರುವ ಮಿತಿ ಅದರ ಆಸುಪಾಸಿನಲ್ಲೇ ಮುಗಿಯುತ್ತದೆ. ಹಿಂದೆ ಟ್ರೈಲರ್ ಕಟ್ಟುವವರಾದರೆ, ಅದರ ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೂಲಕ ಗಾಡಿಯ ಮೇಲೇ ಬೀಳುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಈ ಮಿತಿ ಸಿಗುತ್ತದೆ.

ಹಂತ 2: ಸೀಟುಗಳ ಪರೀಕ್ಷೆ

ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಒಂದು ಗಂಟೆ ಕಳೆದರೂ ತಪ್ಪಿಲ್ಲ. ಮಕ್ಕಳನ್ನೂ ಅವರ ಸುರಕ್ಷಾ ಸೀಟುಗಳನ್ನೂ ಮಡಚುವ ತಳ್ಳುಗಾಡಿಯನ್ನೂ ಜೊತೆಗೆ ಒಯ್ಯಿರಿ. ಮಾರುವವರು ಇದಕ್ಕೆ ಮುಖ ಸಿಂಡರಿಸಿದರೆ ಬೇರೆ ಗಾಡಿ ನೋಡಿ.

ಮೊದಲು ಎರಡನೇ ಸಾಲಿಗೆ ಸುರಕ್ಷಾ ಸೀಟುಗಳನ್ನು ನಿಜವಾಗಿ ಬಿಗಿಯಿರಿ. ಸುಮ್ಮನೆ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಐಸೊಫಿಕ್ಸ್ ಕೊಕ್ಕೆಗಳು, ಅಂದರೆ ಸುರಕ್ಷಾ ಸೀಟನ್ನು ನೇರವಾಗಿ ಗಾಡಿಗೆ ಸಿಕ್ಕಿಸುವ ಕಂಬಿಗಳು, ಸಾಮಾನ್ಯವಾಗಿ ಎರಡನೇ ಸಾಲಿನ ಎರಡು ಅಂಚಿನ ಸೀಟುಗಳಿಗೆ ಮಾತ್ರ ಇರುತ್ತವೆ. ನಡುವಿನ ಸೀಟಿಗೂ ಮೂರನೇ ಸಾಲಿಗೂ ಇವೆಯೇ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಹಾಗಾಗಿ ಸೀಟಿನ ಸಂದಿಗೆ ಬೆರಳು ಹಾಕಿ ಕಬ್ಬಿಣದ ಕಂಬಿಯನ್ನು ಮುಟ್ಟಿಯೇ ಖಚಿತಪಡಿಸಿಕೊಳ್ಳಬೇಕು. ಮೂರು ಸುರಕ್ಷಾ ಸೀಟುಗಳನ್ನು ಒಂದೇ ಸಾಲಿನಲ್ಲಿ ಕೂರಿಸುವ ಯೋಚನೆಯಿದ್ದರೆ ಗಾಡಿಯ ಹೊರ ಅಗಲವನ್ನು ನಂಬಬೇಡಿ; ಬೆಲ್ಟಿನ ಕೊಂಡಿಗಳು ಸುರಕ್ಷಾ ಸೀಟಿನ ಅಡಿಗೆ ಸಿಕ್ಕಿಕೊಂಡು ಎಲ್ಲ ಲೆಕ್ಕವೂ ತಲೆಕೆಳಗಾಗುವುದುಂಟು.

ಹಿಮ್ಮುಖವಾಗಿ ಕೂರಿಸುವ ಶಿಶುಸೀಟು ಇದ್ದರೆ ಅದನ್ನು ಸರಿಯಾದ ಕೋನಕ್ಕೆ ಒರಗಿಸಿದ ಮೇಲೆ ಅದರ ಮುಂದಿನ ಸೀಟಿನಲ್ಲಿ ಮನೆಯ ಅತಿ ಎತ್ತರದ ವ್ಯಕ್ತಿಯನ್ನು ಕೂರಿಸಿ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಗುಲಿದರೆ ಹೊರಗಿನಿಂದ ಎಷ್ಟು ದೊಡ್ಡದಾಗಿ ಕಂಡರೂ ಆ ಗಾಡಿ ನಿಮ್ಮ ಮನೆಗೆ ಚಿಕ್ಕದೇ.

ಈಗ, ಸುರಕ್ಷಾ ಸೀಟುಗಳು ಬಿಗಿದಿರುವಂತೆಯೇ, ಮೂರನೇ ಸಾಲಿಗೆ ಹೋಗಲು ಪ್ರಯತ್ನಿಸಿ. ಒಂದು ಗುಂಡಿ ಒತ್ತಿದರೆ ಎರಡನೇ ಸಾಲಿನ ಸೀಟು ಮಡಚಿ ಮುಂದಕ್ಕೆ ಜಾರುವುದನ್ನು ಮಾರುವವರು ಬಹಳ ಹೆಮ್ಮೆಯಿಂದ ತೋರಿಸುತ್ತಾರೆ. ಸುರಕ್ಷಾ ಸೀಟು ಬಿಗಿದ ಮೇಲೆ ಹಲವು ಗಾಡಿಗಳಲ್ಲಿ ಆ ಸೀಟು ಮಡಚುವುದೇ ಇಲ್ಲ. ಈ ಕಾರಣಕ್ಕಾಗಿಯೇ ನಾನು ಎರಡನೇ ಸಾಲಿನಲ್ಲಿ ಉದ್ದನೆಯ ಬೆಂಚಿಗಿಂತ ಬಿಡಿ ಸೀಟುಗಳಿರುವ ಗಾಡಿಯನ್ನೇ ಕೊಳ್ಳಿ ಎನ್ನುತ್ತೇನೆ. ಒಂದು ಸೀಟು ಕಡಿಮೆಯಾಗುತ್ತದೆ, ನಿಜ. ಆದರೆ ನಡುವಿನ ಓಣಿಯಲ್ಲಿ ಎಂಟು ವರ್ಷದ ಮಗು ಯಾರ ಸಹಾಯವೂ ಇಲ್ಲದೆ ಹಿಂದಕ್ಕೆ ನಡೆದು ಹೋಗುತ್ತದೆ. ಏಳಕ್ಕಿಂತ ಹೆಚ್ಚು ಜನರಿರುವ ಮನೆಗಳಿಗೆ ಮಾತ್ರ ಬೆಂಚು ಅನಿವಾರ್ಯ.

ಮೂರನೇ ಸಾಲಿನಲ್ಲಿ ನೀವೇ ಹತ್ತು ನಿಮಿಷ ಕೂರಿ. ಪಾದ ನೆಲಕ್ಕೆ ಊರಿದಾಗ ಮೊಣಕಾಲು ಎದೆಯ ಕಡೆಗೆ ಏಳುತ್ತಿದೆಯೇ ಎಂದು ಗಮನಿಸಿ. ಇದಕ್ಕೆ ಕಾರಣ ಸಾಮಾನ್ಯವಾಗಿ ಸೀಟಿಗಿಂತ ಹೆಚ್ಚಾಗಿ ಅದರ ಕೆಳಗಿರುವ ಆಕ್ಸಲ್. ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್ ಮೇಲೆ ಕೆಳಗೆ ಆಡಲು ಜಾಗ ಬೇಕಾಗುವುದರಿಂದ ಅದರ ಮೇಲಿನ ನೆಲವನ್ನು ಎತ್ತರಿಸಬೇಕಾಗುತ್ತದೆ. ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇದ್ದರೆ ನೆಲ ಕೆಳಗಿಳಿಯುತ್ತದೆ. ಫೋರ್ಡ್ ಎಕ್ಸ್‌ಪೆಡಿಷನ್ 2003ರ ಮಾದರಿಯಲ್ಲೇ ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಪಡೆದರೆ, ಷೆವರ್ಲೆಯ ಟಾಹೋ ಮತ್ತು ಸಬರ್ಬನ್‌ಗಳಿಗೆ ಅದು ಬಂದದ್ದು 2021ರ ಮಾದರಿಯಲ್ಲಿ. ಹೊಸದೆಲ್ಲವೂ ಮೇಲು ಎನ್ನಲೂ ಬರುವುದಿಲ್ಲ: ಟೊಯೋಟಾ ಸಿಕೋಯಾ 2008ರ ಮಾದರಿಯಿಂದ ಸ್ವತಂತ್ರ ಸಸ್ಪೆನ್ಷನ್ ಹೊಂದಿತ್ತು, 2023ರ ಮಾದರಿಯಲ್ಲಿ ಗಟ್ಟಿ ಆಕ್ಸಲ್‌ಗೆ ಮರಳಿತು. ಹೀಗಾಗಿ ಒಂದೇ ಹೆಸರಿನ ಎರಡು ಪೀಳಿಗೆಗಳ ನಡುವೆ ಮೂರನೇ ಸಾಲಿನ ಅನುಕೂಲ ಅಜಗಜಾಂತರವಾಗಬಹುದು.

ಕೂತಲ್ಲಿಂದಲೇ ಇನ್ನೂ ಮೂರು ವಿಷಯ ನೋಡಿ: ತಲೆಯೊರಗು ಏರುತ್ತದೆಯೇ, ಎಲ್ಲ ಸೀಟುಗಳಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ, ಬದಿಯ ಪರದೆಯಂಥ ಏರ್‌ಬ್ಯಾಗ್ ಮೂರನೇ ಸಾಲಿನ ಕಿಟಕಿಯವರೆಗೂ ಬರುತ್ತದೆಯೇ. ಕೊನೆಗೆ ಮೂರೂ ಸಾಲುಗಳ ಬೆನ್ನನ್ನು ನೇರ ನಿಲ್ಲಿಸಿ ಹಿಂಬಾಗಿಲು ತೆರೆಯಿರಿ. ಜಾಹೀರಾತಿನಲ್ಲಿ ಕಾಣುವ ವಿಶಾಲವಾದ ಡಿಕ್ಕಿ ಮೂರನೇ ಸಾಲನ್ನು ಮಡಚಿದ ಮೇಲಿನದು. ಎಲ್ಲರೂ ಕೂತಾಗ ಉಳಿಯುವ ಜಾಗದಲ್ಲಿ ನಿಮ್ಮ ತಳ್ಳುಗಾಡಿ ಹಿಡಿಯಬೇಕು.

ಹಂತ 3: ಕಾಗದಪತ್ರ

ವಿಐಎನ್ ಎಂಬ 17 ಅಕ್ಷರ-ಅಂಕಿಗಳ ಗುರುತು ಮುಂದಿನ ಗಾಜಿನ ಕೆಳಗೆ, ಬಾಗಿಲ ಕಂಬದಲ್ಲಿ ಮತ್ತು ನೋಂದಣಿ ಪತ್ರದಲ್ಲಿ ಒಂದೇ ಆಗಿರಬೇಕು. ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲವಾದ್ದರಿಂದ ಅವು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದೇ ಸಂಖ್ಯೆಯನ್ನು ತಯಾರಕರಿಗೆ ಕೊಟ್ಟು ಬಾಕಿ ಉಳಿದ ರೀಕಾಲ್ ದುರಸ್ತಿಗಳಿವೆಯೇ, ಅಂದರೆ ದೋಷ ಕಂಡು ತಯಾರಕರೇ ಗಾಡಿಯನ್ನು ಹಿಂದಕ್ಕೆ ಕರೆದದ್ದುಂಟೇ, ಎಂದು ವಿಚಾರಿಸಿ. ತಕಾತಾ ಕಂಪನಿಯ ದೋಷವಿದ್ದ ಏರ್‌ಬ್ಯಾಗ್‌ಗಳನ್ನು ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿಯಷ್ಟು ಹಿಂದಕ್ಕೆ ಕರೆಯಲಾಗಿತ್ತು. ಅಂಥ ಏರ್‌ಬ್ಯಾಗ್ ಬದಲಾಗದೆ ಉಳಿದಿರುವ ಗಾಡಿಯಲ್ಲಿ ಮಕ್ಕಳನ್ನು ಕೂರಿಸುವ ಮಾತೇ ಬೇಡ. ಸರ್ವಿಸ್ ದಾಖಲೆಯಿಲ್ಲದ ಕಡಿಮೆ ಓಡಿದ ಗಾಡಿಗಿಂತ ಪೂರ್ತಿ ದಾಖಲೆಯಿರುವ ಹೆಚ್ಚು ಓಡಿದ ಗಾಡಿ ಲೇಸು.

ಹಂತ 4: ಗಾಡಿಯ ಅಡಿಭಾಗ

ಹಳೆಯ ಬಟ್ಟೆ ಹಾಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ. ಈ ವರ್ಗದ ಬಹಳಷ್ಟು ಗಾಡಿಗಳಲ್ಲಿ ಏಣಿಯಾಕಾರದ ಷಾಸಿಯ ಮೇಲೆ ಬಾಡಿಯನ್ನು ಕೂರಿಸಿರುತ್ತಾರೆ. ಬಾಡಿಯ ತುಕ್ಕನ್ನು ತೇಪೆ ಹಾಕಿ ಸರಿಪಡಿಸಬಹುದು, ಷಾಸಿಯ ತುಕ್ಕು ಗಾಡಿಯ ಆಯುಸ್ಸನ್ನೇ ತಿನ್ನುತ್ತದೆ. ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಕಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಪದರ ಪದರವಾಗಿ ಕಿತ್ತು ಬಂದರೆ ಅಥವಾ ತಟ್ಟಿದಾಗ ಟಣ್ ಎನ್ನುವ ಬದಲು ಮೆತ್ತಗಿನ ಸದ್ದು ಬಂದರೆ ಮೇಲೆದ್ದು ಬಟ್ಟೆ ಕೊಡವಿಕೊಂಡು ಹೊರಡಿ. ಮಾರಾಟಕ್ಕೆ ಮುನ್ನ ಅಡಿಭಾಗಕ್ಕೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿಸಿರುವ ಗಾಡಿಯ ಬಗ್ಗೆ ನನಗೆ ತುಕ್ಕು ಹಿಡಿದದ್ದಕ್ಕಿಂತ ಹೆಚ್ಚು ಅನುಮಾನ, ಏಕೆಂದರೆ ಅಲ್ಲಿ ಏನಿದೆ ಎಂಬುದೇ ಕಾಣುವುದಿಲ್ಲ. ಹಿಂದಿನ ಎಸಿಗೆ ಹೋಗುವ ಉದ್ದನೆಯ ಪೈಪುಗಳನ್ನೂ ಅಲ್ಲಿಯೇ ಪರೀಕ್ಷಿಸಿ. ಅವು ಸೋರಿದರೆ ಮೂರನೇ ಸಾಲಿಗೆ ತಂಪು ತಲುಪುವುದಿಲ್ಲ.

ಮೇಲೆದ್ದ ಮೇಲೆ ಪ್ರತಿಯೊಂದು ಸೀಟ್ ಬೆಲ್ಟನ್ನೂ ಕೊನೆಯವರೆಗೆ ಎಳೆಯಿರಿ. ನೆರೆಯಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಬೆಲ್ಟಿನ ಒಳಸುರುಳಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಒಳಗೆ ಸುಗಂಧದ ಸ್ಪ್ರೇ ಘಮಘಮಿಸುತ್ತಿದ್ದರೆ ಮ್ಯಾಟ್ ಎತ್ತಿ ಕೆಳಗಿನ ಹಾಸನ್ನು ಮೂಸಿ ನೋಡಲು ನಾಚಿಕೆ ಬೇಡ.

ಟೈರಿನ ಬದಿಯಲ್ಲಿ ಡಿಒಟಿ ಎಂಬ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದರೆ 2019ರ 23ನೇ ವಾರ. ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಓದಿ.

ಹಂತ 5: ತಣ್ಣಗಿನ ಎಂಜಿನ್, ಬಿಸಿ ಗೇರ್‌ಬಾಕ್ಸ್

ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ, ಏಕೆಂದರೆ ಎಂಜಿನ್ನಿನ ಹಲವು ರೋಗಗಳು ತಣ್ಣಗಿದ್ದಾಗಿನ ಮೊದಲ ಕೆಲವು ಸೆಕೆಂಡುಗಳಲ್ಲಿ ಮಾತ್ರ ಬಾಯಿಬಿಡುತ್ತವೆ. ಚಾಲೂ ಮಾಡಿದ ತಕ್ಷಣ ಸರಪಳಿ ಅಲ್ಲಾಡಿಸಿದಂಥ ಗಲಗಲ ಸದ್ದು ಕೇಳಿದರೆ ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿಹಿಡಿಯುವ ಭಾಗ ಸವೆದಿರುವ ಸಾಧ್ಯತೆಯಿದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದೂ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು ಎಂದೂ ತಿಳಿಯಿರಿ. ಸೋರಿಕೆ ಮುಚ್ಚುವುದೆಂದು ರೇಡಿಯೇಟರಿಗೆ ಸುರಿಯುವ ಬಾಟಲಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಅವು ಸೋರಿಕೆಯ ಜೊತೆಗೆ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚಬಲ್ಲವು. ಕೂಲಂಟ್ ಡಬ್ಬಿಯ ಬಾಯಲ್ಲಿ ಕಂದು ಕೆಸರು ಅಂಟಿದ್ದರೆ ಅಂಥ ಬಾಟಲಿ ಖಾಲಿಯಾಗಿದೆಯೇ ಎಂದು ಕೇಳಿ. ಬಿಸಿಯಿರುವಾಗ ಮಾತ್ರ ಅದರ ಮುಚ್ಚಳ ತೆಗೆಯಲೇಬೇಡಿ.

ಗೇರ್‌ಬಾಕ್ಸ್‌ನದು ಇದಕ್ಕೆ ತದ್ವಿರುದ್ಧ. ಅದು ತನ್ನ ಕಾಯಿಲೆಯನ್ನು ಹೆಚ್ಚಾಗಿ ಬಿಸಿಯಾದ ಮೇಲೆ ತೋರಿಸುತ್ತದೆ, ಆದ್ದರಿಂದ ಹತ್ತು ನಿಮಿಷದ ಟೆಸ್ಟ್ ಡ್ರೈವ್ ಏನಕ್ಕೂ ಸಾಲದು. ಕನಿಷ್ಠ ಮುಕ್ಕಾಲು ಗಂಟೆ ಓಡಿಸಿ. 60ರಿಂದ 80 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರನ್ನು ತುಸುವೇ ಒತ್ತಿ ಹಿಡಿದಾಗ ಒರಟು ರಸ್ತೆಯ ಮೇಲೆ ಹೋದಂಥ ನಡುಕ ಬಂದರೆ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಕಡೆ ಅನುಮಾನಿಸಿ. ನಂತರ ನಿಲ್ಲಿಸಿ, ಬ್ರೇಕ್ ಒತ್ತಿಯೇ ರಿವರ್ಸ್ ಮತ್ತು ಡ್ರೈವ್‌ಗಳಿಗೆ ಬದಲಿಸುತ್ತ, ಗೇರು ಹಿಡಿಯಲು ತಡವಾಗುತ್ತಿದೆಯೇ ಎಂದು ಎಣಿಸಿ. ಗೇರ್ ಆಯಿಲನ್ನು ಗಾಡಿಯ ಜೀವಮಾನದಲ್ಲಿ ಬದಲಾಯಿಸಬೇಕಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭಾರ ಎಳೆದ ಗಾಡಿಯಲ್ಲಿ ಅದು ಕಪ್ಪಾಗಿ ಸುಟ್ಟ ವಾಸನೆ ಹೊಡೆಯುವುದನ್ನು ಕಂಡವರು ಯಾರೂ ಒಪ್ಪಲಾರರು. ನಾಲ್ಕು ಚಕ್ರಗಳ ಚಾಲನೆಯನ್ನು ಮಣ್ಣಿನ ನೆಲದಲ್ಲೇ ಪರೀಕ್ಷಿಸಿ, ಒಣ ಟಾರು ರಸ್ತೆಯಲ್ಲಿ ಬೇಡ. ಏರ್ ಸಸ್ಪೆನ್ಷನ್ ಇದ್ದರೆ ರಾತ್ರಿಯಿಡೀ ನಿಂತ ಗಾಡಿ ಒಂದು ಮೂಲೆಗೆ ಕುಸಿದಿದೆಯೇ ಎಂದು ಬೆಳಿಗ್ಗೆ ನೋಡಿ. ಕಾಯಿಲ್ ಸ್ಪ್ರಿಂಗ್ ಇರುವ ಗಾಡಿ ಸಿಕ್ಕರೆ ನಾನಂತೂ ಅದನ್ನೇ ಆರಿಸುತ್ತೇನೆ.

ಡೀಸೆಲ್ ಗಾಡಿಯಾದರೆ ಒಂದು ಮಾತು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತಾನಾಗಿ ಸುಟ್ಟು ಶುಚಿಯಾಗಲು ಉದ್ದನೆಯ ಓಟ ಬೇಕು. ದಿನವೂ ಮಕ್ಕಳನ್ನು ಎರಡು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಬರುವುದೇ ಮುಖ್ಯ ಕೆಲಸವಾಗಿರುವ ಮನೆಗೆ ಪೆಟ್ರೋಲ್ ಗಾಡಿಯೇ ಸೂಕ್ತ.

ಹಂತ 6: ಒಬಿಡಿ ರೀಡರ್, ಮೆಕ್ಯಾನಿಕ್

ಡ್ಯಾಶ್‌ಬೋರ್ಡಿನ ಕೆಳಗಿರುವ, ಗಾಡಿಯ ಕಂಪ್ಯೂಟರು ದಾಖಲಿಸಿದ ದೋಷಗಳನ್ನು ಓದುವ ಒಬಿಡಿ ಸಾಕೆಟ್ಟಿಗೆ ಚಿಕ್ಕ ರೀಡರ್ ಚುಚ್ಚಿ ದೋಷದ ಕೋಡ್ ಇಲ್ಲವೆಂದು ಸಮಾಧಾನಪಡುವವರನ್ನು ಕಂಡಿದ್ದೇನೆ. ಕೋಡುಗಳನ್ನು ಒಂದೇ ನಿಮಿಷದಲ್ಲಿ ಅಳಿಸಬಹುದು. ಆದರೆ ಅಳಿಸಿದಾಗ ಗಾಡಿಯ ಸ್ವಯಂ ಪರೀಕ್ಷೆಗಳೂ ಮೊದಲಿನಿಂದ ಆರಂಭವಾಗುತ್ತವೆ. ಅವುಗಳಲ್ಲಿ ಹಲವು ಇನ್ನೂ ಪೂರ್ಣಗೊಂಡಿಲ್ಲ ಎಂದು ರೀಡರ್ ತೋರಿಸಿದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಎರಡರಲ್ಲಿ ಯಾವುದು, ಏಕೆ ಎಂದು ಕೇಳಿ. ಇಷ್ಟೆಲ್ಲ ದಾಟಿದ ಗಾಡಿಯನ್ನು ನೀವೇ ಆರಿಸಿದ ಮೆಕ್ಯಾನಿಕ್‌ಗೆ ಹಣ ಕೊಟ್ಟು ತೋರಿಸಿ. ಮಾರುವವರು ಸೂಚಿಸಿದ ಗ್ಯಾರೇಜಿನ ವರದಿಗೆ ಕಿಲುಬು ಕಾಸಿನ ಬೆಲೆಯೂ ಇಲ್ಲ.

ಹಂತ 7: ಚೌಕಾಸಿ

ಟೈರು, ಬ್ರೇಕು, ಎಲ್ಲ ಆಯಿಲುಗಳ ಬದಲಾವಣೆಯ ಖರ್ಚನ್ನು ಬರೆದು ತೋರಿಸಿ ಬೆಲೆ ಇಳಿಸಿ; ಒಪ್ಪಿದ ಬೆಲೆಯ ಹತ್ತರಲ್ಲೊಂದು ಭಾಗವನ್ನು ಮೊದಲ ವರ್ಷದ ದುರಸ್ತಿಗೆಂದು ತೆಗೆದಿಡಿ. ಹಣ ಕೊಡುವ ಮುನ್ನ ಎರಡೂ ಕೀಲಿಗಳಿಂದ ಗಾಡಿಯನ್ನು ಚಾಲೂ ಮಾಡಿ ನೋಡಿ. ಜೊತೆಗೆ ಸ್ಟೆಪ್ನಿಯನ್ನು ಒಮ್ಮೆ ಪೂರ್ತಿ ಕೆಳಗಿಳಿಸಿ: ಹಲವು ದೊಡ್ಡ ಎಸ್‌ಯುವಿಗಳಲ್ಲಿ ಅದು ಗಾಡಿಯ ಹೊಟ್ಟೆಯಡಿ ಉಕ್ಕಿನ ಹಗ್ಗದಲ್ಲಿ ನೇತಾಡುತ್ತಿರುತ್ತದೆ, ವರ್ಷಗಟ್ಟಲೆ ಯಾರೂ ಮುಟ್ಟದ ಆ ರಾಟೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ರಾತ್ರಿ ರಸ್ತೆಬದಿಯಲ್ಲಿ, ಮಕ್ಕಳು ಹಿಂದೆ ಮಲಗಿರುವಾಗ, ಅದನ್ನು ಬಿಡಿಸಲು ಸಾಧ್ಯವಿಲ್ಲ.