ಒಂದು ಕಡ್ಡಿ, ಎರಡು ಉಂಡೆ: ಸ್ವೆಟರಿನ ಕತ್ತು ಹೆಣೆಯುವುದು ಹೀಗೆ

ಮಂಗಳೂರಿನಲ್ಲಿ ಕೂತು ಸ್ವೆಟರ್ ಹೆಣೆಯುವವರನ್ನು ಕಂಡರೆ ಜನರಿಗೆ ನಗು. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ಗೆ ಹೋಗುವ ಬಸ್ಸಿನಲ್ಲಿ ನಾನು ಕಡ್ಡಿ ಹೊರತೆಗೆದಾಗ ಪಕ್ಕದ ಸೀಟಿನವರು ಕೇಳಿಯೇಬಿಟ್ಟರು: “ಈ ಸೆಕೆಗೆ ಎಂತ ಉಲ್ಲನ್ ಮಾರಾಯ್ರೆ, ಯಾರಿಗೆ?” ಬೆಂಗಳೂರಿನಲ್ಲಿ ಮೊಮ್ಮಗು ಉಂಟು ಎಂದೆ. ಅವರ ಮುಖ ಅರಳಿತು. ಅವರದ್ದೂ ಒಂದು ಪುಣೆಯಲ್ಲಿ ಉಂಟಂತೆ. ನಮ್ಮ ಕರಾವಳಿಯ ಹೆಣಿಗೆ ಹುಟ್ಟುವುದೇ ಘಟ್ಟ ಹತ್ತುವುದಕ್ಕೆ.

ಆಟಿಯ ಮಳೆ ಅಂಗಳಕ್ಕೂ ಇಳಿಯಲು ಬಿಡದ ಮಧ್ಯಾಹ್ನಗಳಲ್ಲಿ ಬೆನ್ನಿನ ಭಾಗ, ತೋಳು ಎಲ್ಲ ಸಲೀಸಾಗಿ ಮುಗಿಯುತ್ತವೆ. ಕೈ ನಿಲ್ಲುವುದು ಮುಂಭಾಗದ ಕತ್ತು ಬಂದಾಗ. ಅಲ್ಲಿಯವರೆಗೆ ಒಂದೇ ಆಗಿದ್ದ ಬಟ್ಟೆ ಅಲ್ಲಿ ಎರಡು ಕವಲಾಗುತ್ತದೆ, ಎಡ ಭುಜಕ್ಕೊಂದು, ಬಲ ಭುಜಕ್ಕೊಂದು. ನನಗೆ ಹೆಣಿಗೆ ಕಲಿಸಿದ ಪಕ್ಕದ ಮನೆಯ ಬಾಯಮ್ಮ ಒಂದು ಕವಲನ್ನು ಪಿನ್ನಿಗೆ ಹಾಕಿಟ್ಟು, ಇನ್ನೊಂದನ್ನು ಪೂರ್ತಿ ಮುಗಿಸಿ, ಆಮೇಲೆ ಪಿನ್ನಿನದ್ದನ್ನು ಎತ್ತಿಕೊಳ್ಳುತ್ತಿದ್ದರು. ಅವರ ಲೆಕ್ಕ ಒಮ್ಮೆಯೂ ತಪ್ಪುತ್ತಿರಲಿಲ್ಲ. ನನ್ನದು ಮೊದಲ ಸ್ವೆಟರಿನಲ್ಲೇ ತಪ್ಪಿತು. ಒಂದು ಬದಿ 20 ಸಾಲು, ಇನ್ನೊಂದು 24. ಹಾಕಿಸಿದರೆ ಮಗು ಸದಾ ಯಾರನ್ನೋ ಇಣುಕಿ ನೋಡುತ್ತಿರುವ ಹಾಗೆ ಒಂದು ಕಡೆ ವಾಲಿ ಕಾಣುತ್ತಿತ್ತು.

ಲೆಕ್ಕದಲ್ಲಿ ನನ್ನಷ್ಟೇ ದಡ್ಡರಾದವರಿಗೆ ಎರಡು ಉಂಡೆಯ ಕ್ರಮ ಒಳ್ಳೆಯದು. ಎರಡೂ ಕವಲು ಒಂದೇ ಕಡ್ಡಿಯ ಮೇಲೆ ಇರುತ್ತವೆ, ಪ್ರತಿಯೊಂದಕ್ಕೂ ಅದರದೇ ನೂಲು. ಸಾಲು ಸಾಲಾಗಿ ಎರಡೂ ಒಟ್ಟಿಗೆ ಏರುತ್ತವೆ. ಇತ್ತ ಒಂದು ಕುಣಿಕೆ ಇಳಿಸಿದರೆ, ಅಂದರೆ ಕಡಿಮೆ ಮಾಡಿದರೆ, ಅತ್ತಲೂ ಅದೇ ಸಾಲಿನಲ್ಲಿ ಇಳಿಸುತ್ತೀರಿ, ಬರೆದಿಡುವ ಕೆಲಸವಿಲ್ಲ.

ಮೊದಲು ಎರಡನೇ ಉಂಡೆ

ಉದಾಹರಣೆಗೆ ಒಂದು ವರ್ಷದ ಮಗುವಿನ ಸ್ವೆಟರ್ ಇಟ್ಟುಕೊಳ್ಳೋಣ. 4 ಪ್ಲೈ ನೂಲು, 10 ನಂಬರಿನ ಕಡ್ಡಿ, ಅಂದರೆ 3.25 ಮಿಲಿಮೀಟರಿನದು. ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಪೂರ ಎಂಬುದನ್ನು ಅಂಗಡಿಯಲ್ಲಿ ಮರೆಯಬೇಡಿ. ಈ ಜೋಡಿಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ ಸುಮಾರು 28 ಕುಣಿಕೆ, ಅಷ್ಟೇ ಎತ್ತರಕ್ಕೆ 36 ಸಾಲು ಬರಬೇಕು. ನಿಮ್ಮ ಕೈ ಬಿಗಿಯೋ ಸಡಿಲವೋ ಎಂದು ಒಂದು ಸಣ್ಣ ಚೌಕ ಹೆಣೆದು ನೋಡಿ.

ಎರಡನೇ ಉಂಡೆಗೆಂದು ಅಂಗಡಿಗೆ ಓಡಬೇಕಾಗಿಲ್ಲ. ಇರುವ ಉಂಡೆಯಿಂದಲೇ ಆರು ಮಾರು ನೂಲು ಬಿಚ್ಚಿ ಸಣ್ಣದೊಂದು ಉಂಡೆ ಸುತ್ತಿಕೊಂಡರೆ ಈ ಅಳತೆಯ ಒಂದು ಕವಲಿಗೆ ಸಾಕು, ತುಸು ಉಳಿಯುತ್ತದೆ ಕೂಡ. ಹೊಸದನ್ನೇ ಕೊಳ್ಳುವುದಾದರೆ ಲೇಬಲ್ಲಿನಲ್ಲಿರುವ ಬಣ್ಣದ ಲಾಟ್ ನಂಬರ್ ಎರಡರಲ್ಲೂ ಒಂದೇ ಆಗಿರಲಿ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಹಳದಿಗಳು ಬಿಸಿಲಿಗೆ ಹಿಡಿದಾಗ ಬೇರೆಬೇರೆಯಾಗುವುದುಂಟು.

ಕವಲೊಡೆಯುವ ಸಾಲು

ಕಂಕುಳ ಇಳಿಸಿ ಮುಗಿದ ಮೇಲೆ ಕಡ್ಡಿಯಲ್ಲಿ 66 ಕುಣಿಕೆ ಉಳಿದಿವೆ ಎಂದುಕೊಳ್ಳಿ. ಭುಜದ ತುದಿಗಿಂತ ಐದೂವರೆ ಸೆಂಟಿಮೀಟರ್ ಕೆಳಗೆ ಕತ್ತು ಶುರು. ಲೆಕ್ಕ ಹೀಗೆ: ಬದಿಗೆ 25, ನಡುವೆ 16, ಆಚೆ ಬದಿಗೆ 25.

ನಿಟ್ ಸಾಲು, ಅಂದರೆ ಬಟ್ಟೆಯ ಒಳ್ಳೆಯ ಮುಖ ನಿಮ್ಮೆದುರು ಇರಬೇಕು. ಈಗಾಗಲೇ ಹೆಣೆಯುತ್ತಿರುವ ನೂಲಿನಿಂದ 25 ಕುಣಿಕೆ ನಿಟ್ ಮಾಡಿ ಆ ನೂಲನ್ನು ಅಲ್ಲೇ ಬಿಡಿ. ಕತ್ತರಿಸಬೇಡಿ. ಎರಡನೇ ಉಂಡೆಯ ನೂಲನ್ನು ಒಂದು ಗೇಣು ಬಾಲ ಬಿಟ್ಟು ಹಿಡಿದುಕೊಂಡು ನಡುವಿನ 16 ಕುಣಿಕೆಗಳನ್ನು ಮುಚ್ಚಿ: ಎರಡು ನಿಟ್ ಮಾಡಿ ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸುವುದು, ಮತ್ತೊಂದು ನಿಟ್, ಮತ್ತೆ ದಾಟಿಸುವುದು. ಎಣಿಸಬೇಕಾದದ್ದು ದಾಟಿಸಿದ ಕುಣಿಕೆಗಳನ್ನು, ಹೆಣೆದದ್ದನ್ನಲ್ಲ. ಹದಿನಾರನೆಯದು ದಾಟಿದಾಗ ಬಲಗಡ್ಡಿಯಲ್ಲಿ ಒಂದು ಕುಣಿಕೆ ಉಳಿದಿರುತ್ತದೆ. ಅದು ಆಚೆ ಕವಲಿನ ಮೊದಲನೆಯದು. ಉಳಿದ 24ನ್ನು ಹೆಣೆದರೆ 25 ಸರಿಹೋಯಿತು.

ಹೊಸ ನೂಲಿನ ಮೊದಲ ಕುಣಿಕೆ ಜೋಲು ಬಿದ್ದಂತೆ ಇರುತ್ತದೆ. ಗಾಬರಿಯಾಗಿ ಗಂಟು ಹಾಕಬೇಡಿ, ಮಗುವಿನ ಕುತ್ತಿಗೆಗೆ ಆ ಗಂಟು ಒತ್ತುತ್ತದೆ. ಕೊನೆಗೆ ಆ ಬಾಲವನ್ನು ದಪ್ಪ ಸೂಜಿಗೆ ಪೋಣಿಸಿ ಹಿಂಬದಿಯಲ್ಲಿ ಹಾಯಿಸಿದರೆ ಮೂಲೆಯ ತೂತೂ ಮುಚ್ಚುತ್ತದೆ.

ತಿರುಗಿಸಿ. ಈಗ ಪರ್ಲ್ ಸಾಲು, ಅಂದರೆ ಬಟ್ಟೆಯ ಹಿಂಬದಿ ನಿಮ್ಮೆದುರು: ಎರಡನೇ ನೂಲಿನಿಂದ 25 ಪರ್ಲ್, ಬಿಡಿ. ಕಣಿವೆಯ ಆಚೆ ನೇತಾಡುತ್ತಿರುವ ಮೊದಲ ನೂಲನ್ನು ಎತ್ತಿಕೊಂಡು 25 ಪರ್ಲ್. ಇಲ್ಲೊಂದು ಅಭ್ಯಾಸಬಲದ ತಪ್ಪು ಆಗುತ್ತದೆ. ಬಣ್ಣದ ಚಿತ್ರ ಹೆಣೆದು ರೂಢಿ ಇರುವವರು ನೂಲು ಬದಲಿಸುವಾಗ ಎರಡನ್ನೂ ಒಮ್ಮೆ ಹೊಸೆದುಬಿಡುತ್ತಾರೆ. ಚಿತ್ರಕ್ಕೆ ಅದು ಬೇಕು, ಇಲ್ಲದಿದ್ದರೆ ಬಟ್ಟೆ ಸೀಳುತ್ತದೆ. ಇಲ್ಲಿ ನಮಗೆ ಬೇಕಾದದ್ದೇ ಸೀಳು. ಹೊಸೆಯಬೇಡಿ.

ಇಳಿಸುವುದು

ಮುಂದಿನ ನಿಟ್ ಸಾಲಿನಿಂದ ಕತ್ತಿನ ಗುಂಡು ಶುರು. ಮೊದಲ ಕವಲಿನಲ್ಲಿ ಕೊನೆಗೆ ಮೂರು ಕುಣಿಕೆ ಉಳಿಯುವವರೆಗೆ ನಿಟ್, ಆಮೇಲೆ ಎರಡನ್ನು ಕೂಡಿಸಿ ಒಂದು ನಿಟ್, ಕೊನೆಯದೊಂದು ನಿಟ್. ನೂಲು ಬದಲಿಸಿ. ಎರಡನೇ ಕವಲಿನಲ್ಲಿ ಒಂದು ನಿಟ್. ಮುಂದಿನ ಎರಡು ಕುಣಿಕೆಗಳನ್ನು ನಿಟ್ ಮಾಡುವ ಹಾಗೆ ಒಂದೊಂದಾಗಿ ಬಲಗಡ್ಡಿಗೆ ಜಾರಿಸಿ, ಎಡಗಡ್ಡಿಯನ್ನು ಅವುಗಳ ಮುಂಬದಿಯಿಂದ ತೂರಿಸಿ ಎರಡನ್ನೂ ಕೂಡಿಸಿ ನಿಟ್. ಮತ್ತೆ ಕೊನೆಯವರೆಗೆ ನಿಟ್. ಮೊದಲನೆಯದು ಬಲಕ್ಕೆ ವಾಲುತ್ತದೆ, ಎರಡನೆಯದು ಎಡಕ್ಕೆ. ಎರಡೂ ಕಡೆ ಒಂದೇ ರೀತಿ ಇಳಿಸಿದರೆ ಸ್ವೆಟರ್ ಹಾಳಾಗುವುದಿಲ್ಲ, ಆದರೆ ಒಂದು ಅಂಚು ನಯವಾಗಿ, ಇನ್ನೊಂದು ಗರಗಸದ ಹಾಗೆ ಕಾಣುತ್ತದೆ. ನನಗೆ ಅದು ಕಣ್ಣಿಗೆ ಚುಚ್ಚುತ್ತದೆ.

ಪರ್ಲ್ ಸಾಲಿನಲ್ಲಿ ಇಳಿಸುವುದಿಲ್ಲ. ಹೀಗೆ ಒಂದು ಬಿಟ್ಟು ಒಂದು ಸಾಲಿನಲ್ಲಿ ಏಳು ಸಲ ಇಳಿಸಿದರೆ ಎರಡೂ ಕವಲಿನಲ್ಲಿ 18 ಉಳಿಯುತ್ತವೆ. ಅದರ ಪರ್ಲ್ ಸಾಲು ಮುಗಿಸಿ ಇನ್ನು ನಾಲ್ಕು ಸಾಲು ನೇರ. ಕವಲೊಡೆದಲ್ಲಿಂದ ಒಟ್ಟು 20 ಸಾಲು. ಕುಣಿಕೆ ಮುಚ್ಚಿ, ಭುಜ ಮುಗಿಯಿತು.

ಏಳುವ ಮೊದಲು ಒಮ್ಮೆ ನೋಡಿ

ಈ ಕ್ರಮದಲ್ಲಿ ಕೈಕೊಡುವುದು ಇಳಿಸುವ ಜಾಗವಲ್ಲ, ಹೆಣಿಗೆ ಕೆಳಗಿಟ್ಟು ಏಳುವ ಹೊತ್ತು. ಒಂದು ಕವಲು ಮುಗಿದಿದೆ, ಇನ್ನೊಂದು ಬಾಕಿ ಇದೆ, ಅಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗುತ್ತದೆ. ವಾಪಸ್ ಬಂದು ಕಡ್ಡಿಗಳನ್ನು ತಿರುವುಮುರುವಾಗಿ ಹಿಡಿದರೆ ಈಗಷ್ಟೇ ಹೆಣೆದ ಕವಲನ್ನೇ ಮತ್ತೆ ಹೆಣೆಯುತ್ತೀರಿ. ಆ ಬದಿಗೆ ಎರಡು ಸಾಲು ಹೆಚ್ಚು. ಎರಡು ಉಂಡೆ ಇಟ್ಟುಕೊಂಡೂ ನನ್ನ ಮೊದಲ ಸ್ವೆಟರಿನ ಗತಿಯೇ.

ನೂಲುಗಳು ನೇತಾಡುವ ಜಾಗ ನೋಡಿದರೆ ತಿಳಿಯುತ್ತದೆ. ಒಂದು ನೂಲು ಕಂಕುಳ ಬದಿಯಲ್ಲಿ, ಇನ್ನೊಂದು ಕತ್ತಿನ ಬದಿಯಲ್ಲಿ ಇದ್ದರೆ ಸಾಲು ಪೂರ್ತಿಯಾಗಿದೆ. ಎರಡೂ ಕತ್ತಿನ ಕಣಿವೆಯಲ್ಲೇ ನೇತಾಡುತ್ತಿದ್ದರೆ ನೀವು ಅರ್ಧ ಸಾಲಿನಲ್ಲಿ ಎದ್ದು ಹೋಗಿದ್ದೀರಿ. ಆಗ ಯಾವ ಕವಲು ಹಳೆಯದು? ಅಂಚಿನ ಸಾಲು ಎಣಿಸಿ. ಒಂದು ಕಡಿಮೆ ಇರುವುದೇ ಬಾಕಿಯದು, ಅದು ಎಡಗೈಗೆ ಬರಬೇಕು. ನಾನಂತೂ ಈಗ ಕುಕ್ಕರ್ ಹತ್ತು ಸಲ ಕೂಗಿದರೂ ಸಾಲಿನ ನಡುವೆ ಏಳುವುದಿಲ್ಲ. ಬೇಳೆ ಮುದ್ದೆಯಾದರೆ ಸಾರು ಮಾಡಬಹುದು.

ಉಂಡೆಗಳು ಸಿಕ್ಕು ಬೀಳದಿರಲು ಎರಡನ್ನು ಎರಡು ಚೊಂಬಿನಲ್ಲಿ ಹಾಕಿ ಕಾಲಿನ ಎರಡು ಬದಿಗೆ ಇಟ್ಟುಕೊಳ್ಳಿ. ಸಾಲು ತಿರುಗಿಸುವಾಗ ಒಮ್ಮೆ ಬಲಕ್ಕೆ ತಿರುಗಿಸಿದರೆ ಮುಂದಿನ ಸಲ ಎಡಕ್ಕೆ. ಒಂದೇ ಕಡೆಗೆ ತಿರುಗಿಸುತ್ತ ಹೋದರೆ ಇಪ್ಪತ್ತು ಸಾಲಿನೊಳಗೆ ನೂಲುಗಳು ಜಡೆಯಾಗುತ್ತವೆ.

ತಲೆ ಹೋಗಬೇಕಲ್ಲ

ಬೆನ್ನಿನ ಭಾಗದಲ್ಲಿ ಕತ್ತಿಗೆ ಇಷ್ಟು ಆಳ ಬೇಡ. 66 ಕುಣಿಕೆಯನ್ನು ಭುಜದವರೆಗೆ ನೇರ ಹೆಣೆದು, ಬದಿಗೆ 18ರಂತೆ ಭುಜಕ್ಕೆ ಬಿಟ್ಟು, ನಡುವಿನ 30ನ್ನು ಮುಚ್ಚಿದರೆ ಆಯಿತು.

ಕತ್ತಿನ ಪಟ್ಟಿಗೆ 12 ನಂಬರಿನ ಸಪೂರ ಕಡ್ಡಿ ತೆಗೆದುಕೊಳ್ಳಿ. ಅಂಚಿನ ಪ್ರತಿ ನಾಲ್ಕು ಸಾಲಿಗೆ ಮೂರರಂತೆ ಕುಣಿಕೆ ಎತ್ತಿದರೆ ಬದಿಗೆ 15 ಬರುತ್ತದೆ. ಮುಂಭಾಗದ ನಡುವಿನಿಂದ 16, ಬೆನ್ನಿನಿಂದ 30, ಒಟ್ಟು 76. ಒಂದು ನಿಟ್ ಒಂದು ಪರ್ಲ್, ಆರು ಸಾಲು ಸಾಕು. ಮುಚ್ಚುವಾಗ ಕೈ ಸಡಿಲ ಬಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 46 ಸೆಂಟಿಮೀಟರ್ ಇರುತ್ತದೆ, ಮೈಗೆ ಹೋಲಿಸಿದರೆ ತಲೆಯೇ ದೊಡ್ಡದು. ವಾಲಿದ ಕತ್ತಿನ ಆ ಸ್ವೆಟರ್ ಬಿಚ್ಚಿ ನಾನು ಎರಡನೆಯದನ್ನು ಚಂದವಾಗಿಯೇ ಹೆಣೆದಿದ್ದೆ. ಅದು ಮೊಮ್ಮಗುವಿನ ಹಣೆಯವರೆಗೆ ಬಂದು ನಿಂತಿತು. ಮಗು ಅತ್ತದ್ದು, ಮಗಳು ನಕ್ಕದ್ದು ಎರಡೂ ವೀಡಿಯೊ ಕಾಲಿನಲ್ಲಿ ಕಂಡಿತು. ಅಂದಿನಿಂದ ಸಣ್ಣ ಮಕ್ಕಳದ್ದಕ್ಕೆ ಎಡ ಭುಜ ಹೊಲಿಯುವುದಿಲ್ಲ. ಬೆನ್ನಿನ ಭಾಗದ ಆ 18 ಕುಣಿಕೆಗಳಲ್ಲಿ ಆರು ಸಾಲು ಹೆಚ್ಚು ಹೆಣೆದರೆ ಬಟನ್ ಕೂರಿಸಲು ಜಾಗವಾಗುತ್ತದೆ. ಮುಂಭಾಗದ ಅಂಚಿಗೆ ನೂಲಿನದೇ ಎರಡು ಸಣ್ಣ ಕುಣಿಕೆ ಹೊಲಿದು ಬಟನ್ ಸಿಕ್ಕಿಸುವುದು. ಭುಜ ತೆರೆದಿರುವುದರಿಂದ ಕತ್ತಿನ ಪಟ್ಟಿಯನ್ನೂ ಸುತ್ತ ಹೆಣೆಯದೆ ಹೋಗಿ ಬಂದು ಹೆಣೆಯಬೇಕು. ಒಂದು ಎಚ್ಚರ: ಮುಂಭಾಗವನ್ನು ಎದುರು ಹಿಡಿದಾಗ ನಿಮ್ಮ ಬಲಗಡೆ ಕಾಣುವುದೇ ತೊಟ್ಟವರ ಎಡ ಭುಜ.

ಮಳೆಗಾಲದಲ್ಲಿ ಮುಗಿಸಿದವರು ಒಗೆದ ಸ್ವೆಟರನ್ನು ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಇಷ್ಟೆಲ್ಲ ಕಷ್ಟಪಟ್ಟ ಕತ್ತು ಜೋತುಬೀಳುತ್ತದೆ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಚಾಪೆಯ ಮೇಲೆ ಹರಡಿ. ನಮ್ಮ ಕಡೆ ಒಣಗಲು ಎರಡು ದಿನ ಹಿಡಿದರೂ ಕಾಯಿರಿ. ಪೂರ್ತಿ ಒಣಗದೆ ಪಾರ್ಸೆಲ್ ಮಾಡಿದರೆ ಬೆಂಗಳೂರು ತಲುಪುವಾಗ ಬೂಷ್ಟಿನ ವಾಸನೆ ಬಂದಿರುತ್ತದೆ.